ಆರ್ಮಸ್ ಮೂರನೆಯ ಸಲ ಇಲ್ಲ ಎಂದದ್ದು

ಆರ್ಮಸ್ ತೀಹೋನೆನ್ ಆ ಶನಿವಾರ ಮಧ್ಯಾಹ್ನ ಫೋನಿನಲ್ಲಿ "ಅಯ್ಯೋ, ನಾನ್ಯಾಕೆ?" ಎಂದದ್ದರಿಂದಲೇ ಇಷ್ಟೆಲ್ಲ ಆಯಿತು.

ಅವನು ಕುವೋಪಿಯೊ ಎಂಬ ಊರಿನ ನೂಲಿನ ರೀಲು ಕಾರ್ಖಾನೆಯಲ್ಲಿ ಲೇತ್ ಯಂತ್ರ ನಡೆಸುತ್ತಿದ್ದ. ಊರಿನ ಫುಟ್‌ಬಾಲ್ ತಂಡದ ಮುಂಚೂಣಿ ಆಟಗಾರ. ವಯಸ್ಸು ಮೂವತ್ತನಾಲ್ಕು, ಹೊಡೆದ ಗೋಲು ನೂರ ಹತ್ತೊಂಬತ್ತು, ದೇಶಕ್ಕಾಗಿ ಆಡಿದ ಪಂದ್ಯ ಸೊನ್ನೆ. ಹನ್ನೊಂದು ಬೇಸಿಗೆಗಳಿಂದ ಪತ್ರಿಕೆಯಲ್ಲಿ ರಾಷ್ಟ್ರೀಯ ತಂಡದ ಪಟ್ಟಿ ಬಂದಾಗಲೆಲ್ಲ ಗೋಲ್‌ಕೀಪರ್‌ನಿಂದ ಶುರುಮಾಡಿ ನಿಧಾನವಾಗಿ ಓದುತ್ತಿದ್ದ. ಮುಂಚೂಣಿಯವರ ಹೆಸರು ಕೊನೆಗೆ ಬರುತ್ತದೆ. ಅಲ್ಲಿಯವರೆಗೆ ಆಸೆ ಬದುಕಿರುತ್ತದೆ.

ಫೋನ್ ಇದ್ದದ್ದು ಸೈಮಿಯ ಅಂಗಡಿಯಲ್ಲಿ. ಹೆಲ್ಸಿಂಕಿಯ ಆಯ್ಕೆ ಸಮಿತಿಯವರು ಕೇಳಿದ್ದರು: "ನಮ್ಮ ಹುಡುಗನ ಕಾಲು ಉಳುಕಿದೆ. ನಾಳೆ ಆಡೋಕೆ ಬರ್ತೀರಾ?"

ನಮ್ಮ ಸಾವೊ ಸೀಮೆಯಲ್ಲಿ ಕಾಫಿಗೆ ಕರೆದರೂ ಒಂದೇ ಕರೆಗೆ ಯಾರೂ ಮೇಜಿನ ಹತ್ತಿರ ಹೋಗುವುದಿಲ್ಲ. ಮೂರು ಸಲ ಕರೆಯಬೇಕು. ಎರಡು ಸಲ ಗೋಡೆಗೆ ಅಂಟಿಕೊಂಡು ನಾಚಬೇಕು. ಆರ್ಮಸ್ ಮೊದಲನೆಯ ಸಲ ನಾಚಿದ. "ಅಯ್ಯೋ, ನಾನ್ಯಾಕೆ? ಇನ್ನೂ ಒಳ್ಳೆಯವರು ಇರ್ತಾರೆ."

"ಹಾಗಾ? ಸರಿ ಬಿಡಿ," ಎಂದು ಹೆಲ್ಸಿಂಕಿ ಫೋನ್ ಇಟ್ಟಿತು.

ಆರ್ಮಸ್‌ನ ಮುಖ ಗಾಳಿ ಬಿಟ್ಟ ಚೆಂಡಾಯಿತು.

"ಏನೋ ಮಾಡ್ಕೊಂಡೆ, ಪೆದ್ದೇ!" ಸೈಮಿ ಹೆರಿಂಗ್ ಮೀನು ತೂಗುವುದನ್ನು ಬಿಟ್ಟು ಕೂಗಿದಳು. "ಹೆಲ್ಸಿಂಕಿಯವರಿಗೆ ಎರಡನೇ ಸಲ ಕೇಳೋಷ್ಟು ಪುರುಸೊತ್ತೆಲ್ಲಿ?"

"ಮತ್ತೆ ಫೋನ್ ಬಂದ್ರೆ ಬಾಯಿ ತೆಗೆಯೋದ್ರೊಳಗೆ ಒಪ್ಕೊಂಡ್ಬಿಡು," ಎಂದ ತಂಡದ ಗೋಲ್‌ಕೀಪರ್ ಕಲೆರ್ವೊ. "ಆರಕ್ಕೆ ರೈಲಿದೆ."

ಒಂದೂವರೆಗೆ ಫೋನ್ ಗಣಗಣಿಸಿತು. ಆರ್ಮಸ್ ಗೋಲಿಗೆ ಹಾರಿದಂತೆ ಹಾರಿದ.

"ತೀಹೋನೆನ್ ಅವರಾ? ನಾಳೆ ಭಾನುವಾರ..."

"ಬರ್ತೀನಿ! ಖಂಡಿತ ಬರ್ತೀನಿ! ಹನ್ನೊಂದು ವರ್ಷದಿಂದ ಇದಕ್ಕೇ ಕಾಯ್ತಿದ್ದೆ!"

ಆ ಕಡೆಯವನು ಕೆಮ್ಮಿದ. "ಆಯ್ತು. ನಾನು ಏವರ್ತಿ, ಚರ್ಚಿನಿಂದ. ಮುದುಕ ರೂಸ್ಕನೆನ್ ಶವಪೆಟ್ಟಿಗೆ ಹೊರೋಕೆ ಆರನೆಯವನು ಬೇಕಿತ್ತು. ಒಂದು ಗಂಟೆಗೆ ಬಾ, ಕಪ್ಪು ಸೂಟು. ಆಸಾಮಿ ಸ್ವಲ್ಪ ಭಾರ."

ರೂಸ್ಕನೆನ್ ಮನೆ ಮೈದಾನದ ಪಕ್ಕ. ತನ್ನ ತೋಟಕ್ಕೆ ಬಿದ್ದ ಚೆಂಡುಗಳನ್ನೆಲ್ಲ ಅವನು ಚಾಕುವಿನಿಂದ ಸೀಳಿ ವಾಪಸು ಎಸೆಯುತ್ತಿದ್ದ. ಅವುಗಳಲ್ಲಿ ಮುಕ್ಕಾಲು ಪಾಲು ಆರ್ಮಸ್ ಒದ್ದವು.

"ಕಲೆರ್ವೊ, ನನ್ನ ಬದಲು ನೀನು ಹೋಗೋ!"

"ನಾನಾಗಲೇ ಪೆಟ್ಟಿಗೆಯ ಬಲಗಡೆ ಮುಂದೆ ಇದೀನಿ ಕಣೋ."

"ಸೈಮಿ ಅಕ್ಕ, ಆಗಲ್ಲ ಅಂತ ಹೇಳ್ಬಿಡ್ಲಾ?"

"ಹೆಣಕ್ಕೆ ಕೊಟ್ಟ ಮಾತು ತಪ್ಪಿದವನಿಗೆ ನನ್ನ ಅಂಗಡೀಲಿ ಉಪ್ಪೂ ಸಿಗಲ್ಲ," ಎಂದಳು ಸೈಮಿ. ಹೆರಿಂಗ್ ಕೊಳ್ಳಲು ಬಂದವರೆಲ್ಲ ತಲೆದೂಗಿದರು.

ಮೂರಕ್ಕೆ ಮತ್ತೆ ಹೆಲ್ಸಿಂಕಿ.

"ತೀಹೋನೆನ್, ಕ್ಷಮಿಸಿ! ಊಟದ ಹೊತ್ತಲ್ಲಿ ಹೆಂಡ್ತಿಗೆ ಹೇಳಿದೆ. ಅವಳು ನಿಮ್ಮ ಸಾವೊ ಸೀಮೆಯವಳು. 'ಒಂದೇ ಸಲ ಕೇಳಿ ಬಿಟ್ರಾ?' ಅಂತ ಬೈದ್ಲು. ಈಗ ಎರಡನೇ ಸಲ ಕೇಳ್ತೀನಿ, ಬನ್ನಿ."

ಆರ್ಮಸ್ ಕಣ್ಣು ಮುಚ್ಚಿದ. ಹೆಲ್ಸಿಂಕಿಯ ಹುಲ್ಲು, ರಾಷ್ಟ್ರೀಯ ತಂಡದ ನೀಲಿ ಬಿಳಿ ಅಂಗಿ, ಗೋಲಿನ ಎಡಮೂಲೆ ಎಲ್ಲ ಕಂಡವು. "ಆಗಲ್ಲ ಸ್ವಾಮಿ."

"ಗೊತ್ತು, ಗೊತ್ತು!" ಅವರು ನಕ್ಕರು. "ಮೂರನೇದು ಬಾಕಿ ಇದೆ. ಮೂರನೇ ಸಲ ಕೇಳ್ತಿದೀನಿ: ಬರ್ತೀರಾ?"

"ಇಲ್ಲ," ಎಂದ ಆರ್ಮಸ್. "ಇದು ನಿಜವಾದ ಇಲ್ಲ."

ಆರಕ್ಕೆ ರೈಲು ಕೂಗಿ ಹೊರಟಿತು. ಅದರ ಹೊಗೆ ಬರ್ಚ್ ಮರಗಳ ಮೇಲಿಂದ ಕರಗುವ ಮೊದಲೇ ಏವರ್ತಿ ಅಂಗಡಿಗೆ ಬಂದ. ಸೌನಾದ ಉಗಿಸ್ನಾನದ ಬಿಸಿಗೆ ಅವನ ಮುಖ ಬೇಯಿಸಿದ ಸೀಗಡಿಯಂತೆ ಕೆಂಪಗಿತ್ತು.

"ಆರ್ಮಸ್, ನಾಳೆ ನೀನು ಬರೋದು ಬೇಡ."

"ಯಾಕೆ?"

"ಫೋನ್ ಮಾಡಿದಾಗ ರೂಸ್ಕನೆನ್ ಹೆಂಡ್ತಿ ನನ್ನ ಪಕ್ಕದಲ್ಲೇ ಕೂತಿದ್ರಪ್ಪ. ನಿನ್ನ ಸಂತೋಷ ಅವರಿಗೂ ಕೇಳಿಸ್ತು. ಹನ್ನೊಂದು ವರ್ಷ ತನ್ನ ಗಂಡನ ಸಾವಿಗೆ ಕಾದವನು ಪೆಟ್ಟಿಗೆ ಮುಟ್ಟಕೂಡದು ಅಂದ್ರು. ಎರಡು ಗಂಟೆಗೇ ಬೇರೆಯವನು ಸಿಕ್ಕಿದ. ಆಗಲೇ ಹೇಳ್ಬೇಕಿತ್ತು, ಶನಿವಾರ ನೋಡು, ಸೌನಾ ಕಾದಿತ್ತು."

ಆರ್ಮಸ್ ಹೊರಗೆ ಬಂದು ಹಳಿಗಳ ಪಕ್ಕ ನಿಂತ. ಜೂನ್ ತಿಂಗಳ ಬೆಳಕು ಇನ್ನೂ ಮಧ್ಯಾಹ್ನದಂತೆ ಇತ್ತು. ಏಳಕ್ಕೆ ಸುವೊನೆನ್ಯೊಕಿ, ಎಂಟೂವರೆಗೆ ಪಿಯೆಕ್ಸಾಮಾಕಿ, ಬೆಳಗಾದರೆ ಹೆಲ್ಸಿಂಕಿ ಎಂದು ನಿಲ್ದಾಣಗಳ ಲೆಕ್ಕ ಹಾಕಿದ. ಆ ರೈಲಿನಲ್ಲಿ ಕಿಟಕಿ ಪಕ್ಕದ ಒಂದು ಸೀಟು ಖಾಲಿಯಾಗಿಯೇ ಹೋಗುತ್ತಿತ್ತು.