ದುರ್ಬೀನಪ್ಪನಿಗೆ ಕಂಡ ಗೂಡು

ಗುಡ್ಡದಲ್ಲಿ ಏನೂ ಕಾಣದೇ ಹೋದದ್ದೇ ದುರ್ಬೀನಪ್ಪನ ಕಷ್ಟಕ್ಕೆ ಮೂಲ. ಬೇಸಿಗೆಯ ಕಾಳ್ಗಿಚ್ಚು ಊರಿಗೆ ಇಳಿಯದಿರಲೆಂದು ಅಲ್ಲಿ ಒಣ ಪೊದೆಗಳನ್ನು ಕಡಿಸುತ್ತಿದ್ದರು. ಕಡಿಯುವವರ ಮುಂದೆ ನಡೆದು, ಹಕ್ಕಿಗೂಡೋ ಅಪರೂಪದ ಗಿಡವೋ ಕಂಡರೆ ಕೈಯೆತ್ತಿ ನಿಲ್ಲಿಸುವುದು ಅವನ ಕೆಲಸ. ಸೇರಿದಾಗಿನಿಂದ ಒಮ್ಮೆಯೂ ಕೈಯೆತ್ತಿರಲಿಲ್ಲ. ಕೊರಳಲ್ಲಿ ದುರ್ಬೀನು ಮಾತ್ರ ಮುದಿ ಎತ್ತಿನ ಗಂಟೆಯಂತೆ ತೂಗಾಡುತ್ತಿತ್ತು. ಹೆತ್ತವರಿಟ್ಟ ಹೆಸರನ್ನು ಕೆಲಸದವರು ಎಂದೋ ಮರೆತಿದ್ದರು.

"ಇವತ್ತು ಸಂಜೆಯೊಳಗೆ ಏನಾದ್ರೂ ಕಂಡ್ರೆ ಸರಿ," ಎಂದ ಮೇಸ್ತ್ರಿ ಆ ಬೆಳಿಗ್ಗೆ, ತನ್ನ ಬೂಟುಗಳನ್ನೇ ನೋಡುತ್ತ. "ಇಲ್ದಿದ್ರೆ ನಾಳೆಯಿಂದ ನೋಡೋರು ಬೇಡವಂತೆ. ಫಾರೆಸ್ಟ್ ಆಫೀಸಿಂದ ಹೇಳಿ ಕಳ್ಸಿದಾರೆ."

ಮದುವೆಯಾದಾಗಿನಿಂದ ದುರ್ಬೀನಪ್ಪ ಹೆಂಡತಿ, ಮಗಳೊಡನೆ ಮಲಗುತ್ತಿದ್ದುದು ಮಾವನ ಮನೆಯ ನಡುಕೋಣೆಯಲ್ಲಿ, ಟಿವಿಗೂ ಮಾವನ ಕೆಮ್ಮಿಗೂ ನಡುವೆ. ಈ ಕೆಲಸದ ಧೈರ್ಯದ ಮೇಲೆ ಒಂದು ಬಾಡಿಗೆ ಕೋಣೆ ಗೊತ್ತು ಮಾಡಿಕೊಂಡು, ಗುಡ್ಡದಲ್ಲಿ ಎಲ್ಲರಿಗೂ ಹೇಳಿಕೊಂಡಿದ್ದ. ಹೆಂಡತಿ ಪಾತ್ರೆಗಳನ್ನು ಆಗಲೇ ಚೀಲಕ್ಕೆ ತುಂಬಿದ್ದಳು. ಪೊದೆ ನೋಡುವ ಕೆಲಸ ಎಲ್ಲಿಯವರೆಗೆ ಅಳಿಯಂದ್ರೆ ಎಂದು ಮಾವ ಕೇಳಿದಾಗ, ಮಳೆ ಬರುವವರೆಗೆ ಎಂದು ಎದೆಯುಬ್ಬಿಸಿ ಹೇಳಿದ್ದ.

ಸುದ್ದಿ ತಿಳಿದು ಕೆಲಸದವರು ಉಪಕಾರಕ್ಕೆ ಇಳಿದರು. ಗ್ರಹಚಾರ ಶುರುವಾದದ್ದು ಅಲ್ಲಿಂದ. ಒಬ್ಬ ಊಟದ ಡಬ್ಬಿಯಲ್ಲಿ ಕಪ್ಪೆ ಹಿಡಿದು ತಂದ. ಇದ್ದಲ್ಲೇ ಕಂಡರೆ ಮಾತ್ರ ಲೆಕ್ಕ ಎಂದಿದ್ದಕ್ಕೆ, ಅದನ್ನು ಕಲ್ಲಿನ ಮೇಲಿಟ್ಟು ಈಗ ನೋಡಿ ಎಂದ. ಕಪ್ಪೆ ನೆಗೆದು ದುರ್ಬೀನಪ್ಪನ ಅಂಗಿಯೊಳಗೆ ಇಳಿಯಿತು. ನೀರು ತರುವವಳು ಗುಟ್ಟಾಗಿ ಒಂದು ಹಿಡಿ ಪುಕ್ಕ ಕೊಟ್ಟಳು. ಅವಳ ಮನೆಯ ಕೋಳಿಯ ವಾಸನೆ ಅದನ್ನು ಬಿಟ್ಟಿರಲಿಲ್ಲ. ಗರಗಸದವನು ಒಂದು ಬಿಲ ತೋರಿಸಿ, ಒಳಗೆ ಏನೋ ಗುಯ್‌ಗುಡುತ್ತಿದೆ, ಕಿವಿಯಿಟ್ಟು ಕೇಳಿ ಎಂದ. ಅದು ಕಣಜದ ಹುಳುಗಳ ಬಿಲ. ಎಡಗಿವಿ ಬನ್ನಿನಂತೆ ಊದಿಕೊಂಡಿತು. ಕಾನೂನಿನಲ್ಲಿ ಕಣಜಕ್ಕೆ ರಕ್ಷಣೆಯಿರಲಿಲ್ಲ, ದುರ್ಬೀನಪ್ಪನಿಗೂ ಇರಲಿಲ್ಲ.

ಹೊತ್ತು ಇಳಿಯುತ್ತಿತ್ತು. ಕಿವಿಗೆ ಒದ್ದೆ ಬಟ್ಟೆ ಹಿಡಿದು, ಮಾವನಿಗೆ ಏನು ಹೇಳುವುದೆಂದು ಯೋಚಿಸುತ್ತ ಒಂದು ಪೊದೆಯ ಹಿಂದೆ ಕುಸಿದವನಿಗೆ, ಮೂಗಿನ ಮುಂದೆಯೇ ಬಟ್ಟಲಿನಂಥ ಗೂಡು ಕಂಡಿತು. ಅದರೊಳಗೆ ಮೊಟ್ಟೆಗಳು. ಮೇಲಿನ ಕೊಂಬೆಯಲ್ಲಿ, ಆಫೀಸಿನ ಗೋಡೆಯ ಚಿತ್ರದಲ್ಲಿದ್ದ ಅದೇ ಬೂದುಗತ್ತಿನ ಹಕ್ಕಿ. ದುರ್ಬೀನಪ್ಪ ಕೈಯೆತ್ತಿದ. ಎಷ್ಟು ಜೋರಾಗಿ ಎತ್ತಿದನೆಂದರೆ ಅಂಗಿಯ ಕಂಕುಳು ಹರಿಯಿತು. ಗರಗಸಗಳು ಒಂದೊಂದಾಗಿ ನಿಂತವು. ಎಲ್ಲರೂ ಓಡಿಬಂದು ಅವನನ್ನು ಹೆಗಲ ಮೇಲೆ ಹೊತ್ತು ಕುಣಿದರು.

ಆಫೀಸಿನ ಮೇಡಂ ಜೀಪಿನಲ್ಲಿ ಬಂದು, ಗೂಡು ನೋಡಿ, ಅವನ ಕೈ ಕುಲುಕಿದರು. ಆಮೇಲೆ ಮೇಸ್ತ್ರಿಯನ್ನು ಕರೆದು, ಮರಿಗಳು ಹಾರುವವರೆಗೆ ಈ ಗುಡ್ಡದಲ್ಲಿ ಗರಗಸದ ಸದ್ದು ಕೂಡದು, ಅಷ್ಟರಲ್ಲಿ ಮಳೆ ಹಿಡಿಯುತ್ತದೆ, ಉಳಿದದ್ದು ಮುಂದಿನ ವರ್ಷ, ಎಲ್ಲರನ್ನೂ ಮನೆಗೆ ಕಳಿಸಿ ಎಂದರು.

"ಮೇಡಂ, ನಾನು ನಾಳೆ ಎಷ್ಟು ಹೊತ್ತಿಗೆ ಬರ್ಲಿ?"

"ಕಡಿಯೋದೇ ಇಲ್ಲಾಂದ್ಮೇಲೆ ಏನನ್ನ ನೋಡ್ತೀರಿ?"

ಗೂಡು ಕಾಯಲು ಒಬ್ಬರಾದರೂ ಬೇಡವೇ ಎಂದು ಅವನು ತಡವರಿಸಿದ. ಅದಕ್ಕೂ ಮೇಡಂ ಸಿದ್ಧರಾಗಿಯೇ ಬಂದಿದ್ದರು. ಜೀಪಿನಿಂದ ಒಂದು ಪುಟ್ಟ ಕ್ಯಾಮೆರಾ ತೆಗೆದು ಎದುರಿನ ಮರಕ್ಕೆ ಬಿಗಿದರು. ಮನುಷ್ಯರು ಸುಳಿದರೆ ಹಕ್ಕಿ ಗೂಡು ಬಿಡುತ್ತದೆ, ನೀವೂ ಹತ್ತಿರ ಬರಬೇಡಿ ಎಂದು ಮೆತ್ತಗೆ ಹೇಳಿ ಹೊರಟುಹೋದರು.

ಅವನನ್ನು ಹೆಗಲ ಮೇಲೆ ಹೊತ್ತವರು ಈಗ ಗರಗಸ ಹೊತ್ತು ಅವನ ಕಡೆ ತಿರುಗದೆ ಗುಡ್ಡ ಇಳಿದರು. ದುರ್ಬೀನಪ್ಪ ಎಲ್ಲರಿಗಿಂತ ಹಿಂದೆ ಉಳಿದ. ತಿರುವಿನಲ್ಲಿ ಗರಗಸದವನು ಅವನಿಗಾಗಿ ಕಾದು ನಿಂತಿದ್ದ. ಬೈಗುಳ ಬರುತ್ತದೆಂದು ಇವನು ತಲೆ ತಗ್ಗಿಸಿದ.

"ಬಾಡಿಗೆ ಕೋಣೆಗೆ ಸಾಮಾನು ಸಾಗ್ಸೋದು ಯಾವತ್ತು, ದುರ್ಬೀನಪ್ಪೋರೆ?" ಎಂದ ಅವನು. "ನಾಳೆಯಿಂದ ನಾವೆಲ್ಲ ಖಾಲಿ ಕೂತಿರ್ತೀವಿ. ಅಷ್ಟೂ ಜನ ಬರ್ತೀವಿ, ಬಿಡಿ."