ಇವರ ಬಿ.ಪಿ., ನನ್ನ ತೋಳು

ಅಂದವಾಗಿ ಬರೆದಿಟ್ಟದ್ದೆಲ್ಲ ಖರೆ ಎಂದು ಜನ ನಂಬಿಬಿಡುತ್ತಾರೆ. ಅವರಲ್ಲಿ ಮೊದಲನೆಯವಳು ನಾನು. ಗ್ಯಾಸ್ ಸಿಲಿಂಡರ್ ಬದಲಿಸಿದ ದಿನ, ಉಪ್ಪಿನಕಾಯಿ ಹಾಕಿದ ದಿನ, ಗೋಡೆ ಗಡಿಯಾರಕ್ಕೆ ಹೊಸ ಸೆಲ್ಲು ಹಾಕಿದ ದಿನ, ಎಲ್ಲವನ್ನೂ ನೋಟುಬುಕ್ಕಿನಲ್ಲಿ ಗೆರೆ ಎಳೆದು ಬರೆಯುವುದು ನನ್ನ ಚಟ. ಎಲೆಅಡಿಕೆಯ ಚಟಕ್ಕಿಂತ ಇದು ವಾಸಿ, ಯಾರಿಗೂ ಕೇಡಿಲ್ಲ ಎಂದುಕೊಂಡಿದ್ದೆ.

ನಮ್ಮ ಯಜಮಾನರು ಸಂಕೇಶ್ವರದ ಕಡೆ ಕಬ್ಬಿನ ಗಾಡಿ ತೂಗುವ ಕಾಟಾದಲ್ಲಿ ಕೆಲಸಕ್ಕಿದ್ದರು. ಊರ ಮಂದಿಯ ಕಬ್ಬನ್ನೆಲ್ಲ ತೂಗಿದ ಮನುಷ್ಯ, ತಾವು ಮಾತ್ರ ಯಾವ ಕಾಟಾವನ್ನೂ ಹತ್ತಲಿಲ್ಲ. ಹುಕ್ಕೇರಿಯ ನಮ್ಮ ಮನೆಯ ಜೋಕಾಲಿ ಅವರು ಕೂತರೆ ನರಳುತ್ತಿತ್ತು, ಎದ್ದರೆ ನಿಟ್ಟುಸಿರು ಬಿಡುತ್ತಿತ್ತು. ಗೋಕಾಕದ ಡಾಕ್ಟರು ಗುಳಿಗೆ ಬರೆದುಕೊಟ್ಟು, "ಬಿ.ಪಿ. ಭಾಳ ಐತ್ರಿ. ಉಪ್ಪು ಕಡಿಮಿ ಮಾಡ್ರಿ, ತೂಕ ಇಳಸ್ರಿ, ದಿನಾ ಮನ್ಯಾಗ ನೋಡಿ ಬರದಿಡ್ರಿ" ಎಂದರು. ಬರೆದಿಡ್ರಿ ಅಂದದ್ದೇ ನನಗೆ ಹಬ್ಬವಾಯಿತು.

ಮೂಡಲಗಿಗೆ ಕೊಟ್ಟ ಮಗಳು ಸುಮಾ ಬಿ.ಪಿ. ನೋಡುವ ಮಷೀನು ತಂದಿಟ್ಟು ಹೋದಳು. ಮರುದಿನ ಮುಂಜಾನೆ ಇವರ ತೋಳಿಗೆ ಪಟ್ಟಿ ಸುತ್ತಿದೆ. ಹೇಗೋ ತುದಿಗೆ ತುದಿ ಹತ್ತಿತು. ಗುಂಡಿ ಒತ್ತಿದರೆ ಗಾಳಿ ತುಂಬುತ್ತ ತುಂಬುತ್ತ ಚರ್ರೆಂದು ಬಿಚ್ಚಿ ಬಿತ್ತು. ಎರಡನೆಯ ಸಲವೂ ಅದೇ ಗತಿ. ಮೂರನೆಯ ಸಲ ಮೇಲಿಂದ ಲಂಗದ ಲಾಡಿ ಬಿಗಿದೆ. ಲಾಡಿಯೂ ಹರಿಯಿತು. "ಕಬ್ಬಿನ ಸಿವುಡು ಕಟ್ಟಿದಂಗಾತಲ್ರಿ!" ಎಂದು ನಕ್ಕೆ. ಇವರು ನಗಲಿಲ್ಲ. ಅಂಗಿಯ ತೋಳು ಇಳಿಸಿಕೊಂಡರು.

"ದೊಡ್ಡ ಪಟ್ಟಿ ಸಿಗತೈತೇನಂತ ಡಾಕ್ಟರಿಗೆ ಕೇಳೂಣ್ರಿ."

"ದವಾಖಾನ್ಯಾಗ ನಾಕ ಮಂದಿ ಮುಂದ ನನ್ನ ತೋಳಿನ ಸುದ್ದಿ ತಗೀಬ್ಯಾಡ. ಒಂದಽ ಹಂಚಿನ ರೊಟ್ಟಿ ತಿಂತೀವಿ, ಒಂದಽ ಗಡಿಗಿ ನೀರು ಕುಡಿತೀವಿ. ನಿಂದೇನು, ನಂದೇನು? ನಿಂದಽ ನೋಡಿ ಬರಿ."

ಮದುವೆಯಾದ ಇಪ್ಪತ್ತೆಂಟು ವರ್ಷದಲ್ಲಿ ಇವರು ಆಡಿದ ಅತಿ ಪ್ರೀತಿಯ ಮಾತು ಅದೇ ಇರಬೇಕು. ನಾನು ಕರಗಿಹೋದೆ. ದಿನಾ ಮುಂಜಾನೆ ನನ್ನ ತೋಳಿಗೆ ಪಟ್ಟಿ ಸುತ್ತಿ, 'ಇವರ ಬಿ.ಪಿ.' ಎಂಬ ಕೆಂಪು ಶಾಯಿಯ ತಲೆಬರಹದ ಕೆಳಗೆ ಅಂಕಿ ಬರೆದೆ. ಕಬ್ಬಿನ ಹಂಗಾಮಿನಲ್ಲಿ ಇವರಿಗೆ ರಜೆ ಸಿಗದ್ದರಿಂದ ಬುಕ್ಕು ಹಿಡಿದು ನಾನೊಬ್ಬಳೇ ಗೋಕಾಕಕ್ಕೆ ಹೋದೆ. "ಎಷ್ಟ ನೀಟ ಬರದೀರಿ! ಇದಽ ಗುಳಿಗಿ ನಡೀಲಿ, ಮುಂದಿನ ಸಲ ಅವರನ್ನ ಕರಕೊಂಡ ಬರ್ರಿ" ಎಂದರು ಡಾಕ್ಟರು. ಆ ಹೊಗಳಿಕೆಯ ಉಬ್ಬಿನಲ್ಲಿ ಮನೆಗೆ ಬಂದು ಇವರ ತಾಟಿಗೆ ಶೇಂಗಾ ಹಿಂಡಿ, ಹಪ್ಪಳ ಮತ್ತೆ ಬಡಿಸತೊಡಗಿದೆ. ಇವರು ತಲೆ ಹಿಡಿದುಕೊಂಡು ಕೂತಾಗಲೆಲ್ಲ, "ಬುಕ್ಕಿನ್ಯಾಗ ಚೊಲೋ ಐತಲ್ರಿ" ಎಂದು ಪುಟ ತೆರೆದು ತೋರಿಸುತ್ತಿದ್ದೆ. ಇವರೂ ನೋಡಿ ಸಮಾಧಾನಪಡುತ್ತಿದ್ದರು.

ಒಂದು ಮುಂಜಾನೆ ಕೆಲಸಕ್ಕೆ ಹೊರಟವರಿಗೆ ಅಂಗಿಯ ಗುಂಡಿ ಕೈಗೆ ಸಿಗಲಿಲ್ಲ. ಬಾಯಿ ಸೊಟ್ಟಗಾಯಿತು. ಲಕ್ವಾ ಹೊಡೆದಿತ್ತು. ದವಾಖಾನೆಯಲ್ಲಿ ಡಾಕ್ಟರು ನನ್ನ ಬುಕ್ಕು ತಿರುವಿ, "ಈ ಅಂಕಿ ಯಾರದ್ರಿ?" ಎಂದರು. ಹೇಳಿದೆ. ಬೈದಿದ್ದರೆ ಚೆನ್ನಾಗಿತ್ತು. "ದಪ್ಪ ತೋಳಿಗೆ ದೊಡ್ಡ ಪಟ್ಟಿ ಬ್ಯಾರೇನ ಬರತೈತ್ರೀ ಅಕ್ಕಾರ. ಒಂದ ಮಾತ ಕೇಳಿದ್ರ ಸಾಕಿತ್ತು" ಎಂದಷ್ಟೇ ಹೇಳಿ ಬುಕ್ಕು ಮುಚ್ಚಿ ನನ್ನ ಕೈಗಿತ್ತರು.

ಎಂಟು ತಿಂಗಳಾಯಿತು. ಬಲಗೈ, ಬಲಗಾಲು ಇನ್ನೂ ಇವರ ಮಾತು ಕೇಳುವುದಿಲ್ಲ. ಬರೀ ಗಂಜಿ ಕುಡಿದು ಮೈ ಇಳಿದುಹೋಗಿದೆ. ಜೋಕಾಲಿ ಸದ್ದು ಮಾಡುವುದನ್ನೇ ಬಿಟ್ಟಿದೆ. ಎಡತೋಳಿಗೆ ಅದೇ ಹಳೇ ಪಟ್ಟಿ ಎರಡು ಬೆರಳು ಸಡಿಲಾಗಿ ಸುತ್ತುತ್ತದೆ. ಅದು ಮೊದಲ ಸಲ ಸರಿಯಾಗಿ ಹತ್ತಿದ ದಿನ ನಾನು ಒಳಗೆ ಹೋಗಿ, ಹಚ್ಚದ ಒಲೆಯ ಮುಂದೆ ಬಹಳ ಹೊತ್ತು ನಿಂತಿದ್ದೆ.

ನಿನ್ನೆ ಇವರ ಅಂಕಿ ಚೆನ್ನಾಗಿ ಬಂತು. ನನ್ನ ತೋಳಿಗೂ ಸುತ್ತಿಕೊಂಡೆ: ನೂರಾ ಅರವತ್ತೆಂಟು. ಪೆನ್ನು ಹಿಡಿದೆ, ಬರೆಯಲು ಮನಸ್ಸು ಬರಲಿಲ್ಲ. ಇವರು ನೋಡಿದರು. ಅರ್ಧ ಬಾಯಿಯಿಂದ, ತಡೆದು ತಡೆದು ಅಂದರು: "ನಂದಽ... ಬರಕೋ."

ಅರ್ಧ ಮುಖ ನಕ್ಕಿತು. ನಾನೂ ನಕ್ಕೆ, ಕಣ್ಣು ಒರೆಸಿಕೊಂಡೆ. 'ನನ್ನ ಬಿ.ಪಿ.' ಎಂದು ಕೆಂಪು ಶಾಯಿಯಲ್ಲಿ ಬರೆದು, "ತಡೀರಿ, ಇನ್ನೊಂದ ಸಲ ನೋಡ್ತೀನಿ, ಕಡಿಮಿ ಬಂದೀತು" ಎಂದು ಪಟ್ಟಿಗೆ ಕೈಹಾಕಿದೆ. ಅಷ್ಟರಲ್ಲಿ ಇವರು ಎಡಗೈಯಿಂದ ಪೆನ್ನು ಕಸಿದುಕೊಂಡು, ಗೆರೆ ದಾಟಿ, ಸೊಟ್ಟಸೊಟ್ಟಾಗಿ ನೂರಾ ಅರವತ್ತೆಂಟು ಎಂದು ಕೊರೆದಿಟ್ಟರು.

ಇಡೀ ಬುಕ್ಕಿನಲ್ಲಿ ಅಷ್ಟು ಅಂದಗೆಟ್ಟ ಸಾಲು ಇನ್ನೊಂದಿಲ್ಲ. ಅಳಿಸಿ ನೀಟಾಗಿ ಬರೆಯಲು ನನ್ನ ಕೈ ನಿನ್ನೆಯಿಂದ ಚಡಪಡಿಸುತ್ತಿದೆ. ಹೇಗೋ ತಡೆದುಕೊಂಡಿದ್ದೇನೆ.