ಐವತ್ತು ಮನೆಯ ಉಪ್ಪು

ಚೀಟಿ ಎತ್ತಿದಾಗ ಅವನ ಕೈಗೆ ಬಂದದ್ದು ಉಪ್ಪು. ಎಂ.ಎ. ಅರ್ಥಶಾಸ್ತ್ರದ ಆ ತರಗತಿಯಲ್ಲಿ ಹಿಂದಿನ ಬೆಂಚಿನವಳಿಗೆ ಸಿನಿಮಾ ಟಿಕೆಟ್ಟು, ಅವನ ರೂಮ್‌ಮೇಟಿಗೆ ಬೂಟು ಬಂದಿತ್ತು. ಚೀಟಿಯಲ್ಲಿ ಬಂದ ಸರಕಿನ ಬೆಲೆ ಏರಿದರೆ ಜನ ಎಷ್ಟು ಕೊಳ್ಳುತ್ತಾರೆಂದು ಐವತ್ತು ಮನೆಗಳಲ್ಲಿ ಕೇಳಿ, ಫಾರ್ಮು ತುಂಬಿಸಿ, ಸಹಿ ಹಾಕಿಸಿ ತರಬೇಕು. ಶುಕ್ರವಾರ ಸಂಜೆ ನಾಲ್ಕರೊಳಗೆ ಕೊಡದವರು ಪರೀಕ್ಷೆಗೆ ಕೂರುವ ಹಾಗಿಲ್ಲ ಎಂದು ಪ್ರೊಫೆಸರು ಹೇಳಿದ್ದರು.

ಇದೇ ಪತ್ರಿಕೆಯಲ್ಲಿ ಅವನು ಹೋದ ವರ್ಷ ಡುಮ್ಕಿ ಹೊಡೆದಿದ್ದ. ಈ ಸಲವೂ ಹಾಗಾದರೆ ಓದಿದ್ದು ಸಾಕು, ಭಾವನ ಪ್ಲೈವುಡ್ ಅಂಗಡಿಯಲ್ಲಿ ಕೂತ್ಕೋ ಎಂದು ಅಕ್ಕ ಫೋನಿನಲ್ಲೇ ತೀರ್ಪು ಕೊಟ್ಟಿದ್ದಳು. ಭಾವ ಒಳ್ಳೆಯವರೇ. ಆದರೆ ಪ್ಲೈವುಡ್ ಬಿಟ್ಟು ಬೇರೆ ಮಾತೇ ಬಾರದ ಮನುಷ್ಯ. ಅಷ್ಟು ಭಯವಿದ್ದೂ ನಮ್ಮವನು ಕೊನೆಯ ದಿನದವರೆಗೆ ಮುಸುಕು ಹೊದ್ದು ಮಲಗಿದ್ದ; ವಿದ್ಯಾರ್ಥಿಗಳ ಭಯ ಕೆಲಸ ಶುರು ಮಾಡುವುದೇ ಕೊನೆಯ ದಿನ.

ಶುಕ್ರವಾರ ಬೆಳಿಗ್ಗೆ ರೂಮ್‌ಮೇಟು ಮೂರು ಬಣ್ಣದ ಪೆನ್ನು ಹಿಡಿದು ಕ್ಯಾಂಟೀನಿಗೆ ಹೊರಟ. ಅಲ್ಲೇ ಕೂತು, ಒಂದಿಷ್ಟು ಬಲಗೈಯಲ್ಲಿ, ಒಂದಿಷ್ಟು ಎಡಗೈಯಲ್ಲಿ ಐವತ್ತು ಸಹಿ ಮುಗಿಸುವುದು ಅವನ ಯೋಜನೆ. ನಮ್ಮವನಿಗೂ ಬಾ ಎಂದ. ಸಿಕ್ಕಿಬಿದ್ದರೆ ಪ್ಲೈವುಡ್ಡೇ ಗತಿ ಎಂದು ಹೆದರಿ ಇವನು ಪ್ರಾಮಾಣಿಕನಾಗಲು ತೀರ್ಮಾನಿಸಿ, ಕೆಳಗಿನ ಮನೆಯ ಓನರಮ್ಮನಿಂದ ಶುರುಮಾಡಿದ.

ಓನರಮ್ಮ ಕನ್ನಡಕ ಹಾಕಿಕೊಂಡು ಫಾರ್ಮನ್ನು ಕೋರ್ಟಿನ ನೋಟೀಸಿನಂತೆ ಓದಿದರು. ಮೇಲೆ ವಿಶ್ವವಿದ್ಯಾಲಯದ ಮುದ್ರೆ ಬೇರೆ. ಮೂರನೇ ಪ್ರಶ್ನೆಗೆ ಬಂದಾಗ ಅವರ ಬೆರಳು ನಿಂತಿತು. ಉಪ್ಪಿನ ಬೆಲೆ ದುಪ್ಪಟ್ಟಾದರೆ ತಿಂಗಳಿಗೆ ಎಷ್ಟು ಪ್ಯಾಕೆಟ್ ಕೊಳ್ಳುತ್ತೀರಿ?

"ಯಾವತ್ತಿಂದ?" ಎಂದರು.

"ಯಾವತ್ತಿಂದಲೂ ಇಲ್ಲ ಆಂಟಿ. ಸುಮ್ನೆ, ಆದರೆ ಅಂತ."

"ಆದರೆ ಅಂತ ಯಾರಾದ್ರೂ ಐವತ್ತು ಕಾಗದ ಅಚ್ಚು ಹಾಕಿಸ್ತಾರೇನಪ್ಪಾ?"

ಓನರಮ್ಮ 'ಹತ್ತು ಪ್ಯಾಕೆಟ್' ಎಂದು ಬರೆದು ಸಹಿ ಹಾಕಿ, ಒಲೆ ಆರಿಸಿ, ಚಪ್ಪಲಿ ಮೆಟ್ಟಿ ಮೂಲೆಯ ಕಿರಾಣಿ ಅಂಗಡಿಯ ಕಡೆ ನಡೆದೇಬಿಟ್ಟರು.

ನಾಲ್ಕನೇ ಮನೆಯ ಹೊತ್ತಿಗೆ ಸುದ್ದಿ ಅವನಿಗಿಂತ ಮುಂದೆ ಹೋಗಿತ್ತು. ಏಳನೇ ಮನೆಯ ನರ್ಸಮ್ಮ ರಾತ್ರಿ ಪಾಳಿ ಮುಗಿಸಿ ಮಲಗಿದ್ದವರು ಎದ್ದು ಬಂದು ಬಾಗಿಲಲ್ಲೇ ಕಾಯುತ್ತಿದ್ದರು. ಇದು ಬರೀ ಓದಿನ ಕೆಲಸ, ಬೆಲೆ ಏರುವುದಿಲ್ಲ ಎಂದು ಅವನು ಆಣೆ ಮಾಡಿ ಹೇಳಿದ. ಅವನು ಅಲ್ಲಗಳೆದಷ್ಟೂ ಜನರಿಗೆ ಖಾತ್ರಿಯಾಯಿತು. "ಪಾಪ, ಬಾಯಿಬಿಡಬೇಡ ಅಂತ ಮೇಲಿನವರು ಹೇಳಿರ್ತಾರೆ," ಎಂದು ನಿವೃತ್ತ ಪೋಸ್ಟ್‌ಮಾಸ್ಟರು ಅವನ ಬೆನ್ನು ತಟ್ಟಿ, ಹದಿನೈದು ಪ್ಯಾಕೆಟ್ ಎಂದು ಬರೆದರು. ಅವರಿಗೆ ಬಿ.ಪಿ. ಇತ್ತು, ಉಪ್ಪು ಮುಟ್ಟಬಾರದೆಂದು ಡಾಕ್ಟರು ಹೇಳಿ ಆರು ವರ್ಷವಾಗಿತ್ತು.

ಮಧ್ಯಾಹ್ನಕ್ಕೆ ಅಂಗಡಿಯ ಮುಂದೆ ಸಾಲು, ಎರಡು ಗಂಟೆಗೆ ಬೆಲೆ ದುಪ್ಪಟ್ಟು. ಅಂಗಡಿಯವನು ಅವನನ್ನು ಒಳಗೆ ಕರೆದು ಸ್ಟೂಲು ಕೊಟ್ಟು ಕೂರಿಸಿದ. ವರ್ಷದಿಂದ ಕದಲದ ಮೂಟೆಗಳೆಲ್ಲ ಖಾಲಿಯಾಗುತ್ತಿವೆಯೆಂದು ಹೇಳಿ, ಮುಂದಿನ ವಾರ ಬಟ್ಟೆ ಸೋಪಿನ ಮೇಲೂ ಒಂದು ಸರ್ವೆ ಇಟ್ಕೊಳ್ಳಿ ಎಂದು ಕಿವಿಯಲ್ಲಿ ಉಸುರಿದ. ಸಾಲಿನಲ್ಲಿ ನಿಂತವರೇ ಉಳಿದ ಫಾರ್ಮುಗಳನ್ನು ಕಿತ್ತುಕೊಂಡು ತುಂಬಿಸಿದರು. ಐವತ್ತೂ ಮುಗಿದಾಗ ಅವನ ಹೊಟ್ಟೆಗೆ ಹಾಲು ಹೊಯ್ದಂತಾಯಿತು.

ನಾಲ್ಕಕ್ಕೆ ಐದು ನಿಮಿಷವಿರುವಾಗ ಅವನು ಪ್ರೊಫೆಸರ ಕೋಣೆಗೆ ಏದುತ್ತಾ ಹೋದ. ಮೇಜಿನ ಮೇಲೆ ರೂಮ್‌ಮೇಟನ ಬೂಟಿನ ಫಾರ್ಮುಗಳ ಕಟ್ಟಿತ್ತು. ಬೆಲೆ ಏರಿದಂತೆ ಬೇಡಿಕೆ ಇಳಿಯುವ ಗೆರೆ, ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ಸಲೀಸು. ನಿಜವಾದ ಕ್ಷೇತ್ರಕಾರ್ಯ ಅಂದರೆ ಇದು ಎಂದು ಪ್ರೊಫೆಸರು ಅದನ್ನು ಹೊಗಳಿ, ಇವನ ಫಾರ್ಮುಗಳನ್ನು ತಿರುವಿದರು. ತಿರುವುತ್ತಾ ತಿರುವುತ್ತಾ ಅವರ ಮುಖ ಗಂಟಾಯಿತು.

"ಈಗ ಒಂದು ಪ್ಯಾಕೆಟ್, ಬೆಲೆ ದುಪ್ಪಟ್ಟಾದ್ರೆ ಹತ್ತು, ಹದಿನೈದು. ಐವತ್ತು ಮನೇಲೂ ಇದೇ. ಇಪ್ಪತ್ತೆಂಟು ವರ್ಷದಿಂದ ಪಾಠ ಮಾಡ್ತಿದ್ದೀನಿ, ಮನುಷ್ಯರು ಹೀಗೆ ಮಾಡಲ್ಲಪ್ಪ. ಇದು ನೀನು ರೂಮಲ್ಲಿ ಕೂತು ಗೀಚಿದ್ದು."

"ನಿಜ ಸರ್. ಬೇಕಾದ್ರೆ ನಮ್ಮ ಬೀದಿಗೆ ಬಂದು ನೋಡಿ."

"ಉಪ್ಪು ತಿಂದವನು ನೀರು ಕುಡೀಲೇಬೇಕು," ಎಂದು ಪ್ರೊಫೆಸರು ಹಾಲ್‌ಟಿಕೆಟ್ಟುಗಳ ಕಟ್ಟಿನಿಂದ ಅವನದನ್ನು ತೆಗೆದು ಡ್ರಾಯರಿಗೆ ಹಾಕಿದರು. ಅವನಿಗೆ ಅಳು ಬಂತು. ಬೆಳಗಿನಿಂದ ಬಿಸಿಲಲ್ಲಿ ಅಲೆದು ನಿಜ ತಂದವನು ತಾನೊಬ್ಬನೇ, ಕಳ್ಳನೂ ತಾನೊಬ್ಬನೇ.

ಅಷ್ಟರಲ್ಲಿ ಪ್ರೊಫೆಸರ ಫೋನು ಬಡಿದುಕೊಂಡಿತು. ಆ ಕಡೆ ಅವರ ಹೆಂಡತಿ. ಇವರು ನಾಲ್ಕು ಸಲ ಹೂಂ, ಎರಡು ಸಲ ಆಯ್ತು ಎಂದು ಫೋನಿಟ್ಟು, ಕಿಟಕಿಯ ಕಡೆ ನೋಡುತ್ತಾ ಕೇಳಿದರು: "ನಿಮ್ಮ ಬೀದಿ ಅಂಗಡೀಲಿ ಇನ್ನೂ ಉಳಿದಿದೆಯಾ?"

ಪ್ರೊಫೆಸರ ಸ್ಕೂಟರಿನ ಹಿಂದೆ ಕೂತು ಅವನೇ ದಾರಿ ತೋರಿಸಿದ. ಸಾಲಿನಲ್ಲಿ ಅರ್ಧ ಗಂಟೆ ನಿಂತರು. ತಲೆಗೆ ಐದೇ ಪ್ಯಾಕೆಟ್ ಎಂದು ಅಂಗಡಿಯವನು ಹೊಸ ಕಾನೂನು ಮಾಡಿದ್ದರಿಂದ ನಮ್ಮವನ ತಲೆಯ ಐದೂ ಪ್ರೊಫೆಸರ ಚೀಲಕ್ಕೇ ಬಿದ್ದವು. ಒಟ್ಟು ಹತ್ತು. ಇದಕ್ಕಿಂತ ಒಳ್ಳೆಯ ಸಮಯ ಸಿಗದೆಂದು ಅವನು ಧೈರ್ಯ ಮಾಡಿದ.

"ಸರ್, ನೀವೂ ಹತ್ತು ತಗೊಂಡ್ರಿ."

"ನನ್ನ ವಿಷಯ ಬೇರೆ," ಎಂದರು ಪ್ರೊಫೆಸರು. "ನನಗೆ ಬೇಕಾಗಿದೆ."

ಚೀಲವನ್ನು ಸ್ಕೂಟರಿಗೆ ಸಿಕ್ಕಿಸಿದ ಮೇಲೆ ಅವರ ಮನಸ್ಸು ತುಸು ಕರಗಿತು. ಸೋಮವಾರದವರೆಗೆ ಗಡುವು ಕೊಡುತ್ತೇನೆ, ಬೇರೆ ಸರಕು ಹಿಡಿದು ಹೊಸದಾಗಿ ಐವತ್ತು ಫಾರ್ಮು ತಾ ಎಂದರು. ಅವನ ಕಣ್ಣಲ್ಲಿ ನೀರಾಡಿತು, ಕಾಲಿಗೆ ಬೀಳುವುದೊಂದು ಬಾಕಿ. ಪ್ರೊಫೆಸರು ಸ್ಕೂಟರು ಚಾಲೂ ಮಾಡಿ, ಆ ಸದ್ದಿನ ಮೇಲೆ ಕೇಳಲೆಂದು ತರಗತಿಯ ಗಂಟಲಿನಲ್ಲಿ ಕೂಗಿದರು.

"ಉಪ್ಪು ಬಿಡು. ಬೆಂಕಿಪೊಟ್ಟಣ ತಗೋ."

ಸ್ಕೂಟರು ತಿರುವಿನಲ್ಲಿ ಮರೆಯಾಯಿತು. ಅವನು ತಿರುಗಿ ನೋಡಿದಾಗ ಸಾಲಿಗೆ ಸಾಲೇ ಅವನ ಕಡೆ ಮುಖ ಮಾಡಿ ನಿಂತಿತ್ತು, ಎಲ್ಲರಿಗಿಂತ ಮುಂದೆ ಎರಡೂ ಕೈಯಲ್ಲಿ ಉಪ್ಪು ಹಿಡಿದ ಓನರಮ್ಮ.

"ಯಾವತ್ತಿಂದ?" ಎಂದರು.